ಟಿಪ್ಪುವಿನ ಸೋದರಳಿಯನನ್ನು ಹುಡುಕಿಕೊಂಡು

ಪ್ಯಾರಿಸ್ಸಿನಿಂದ ವೇಗದ ರೈಲು ಹತ್ತಿ ಪಶ್ಚಿಮಕ್ಕೆ ಎರಡು ಗಂಟೆ ಚಿಲ್ಲರೆ ಹೊತ್ತು ಹೋದರೆ ನಾಂತ್ ಸಿಗುತ್ತದೆ. ಬರೆಯುವಾಗ ಕೊನೆಯಲ್ಲೊಂದು ‘ಎಸ್’ ಇದೆ. ಓದುವಾಗ ಫ್ರೆಂಚರು ಅದನ್ನು ನುಂಗಿಬಿಡುತ್ತಾರೆ. ಅಟ್ಲಾಂಟಿಕ್ ಸಾಗರಕ್ಕೆ ಇನ್ನೂ ಐವತ್ತು ಕಿಲೋಮೀಟರ್ ಇದೆ ಎನ್ನುವಾಗ ಲ್ವಾರ್ ನದಿಯ ದಂಡೆಯಲ್ಲಿ ಬೆಳೆದ ಹಳೆಯ ಬಂದರು ಅದು. ಊರ ನಡುವೆ ನದಿ ಸುತ್ತುವರಿದ ದ್ವೀಪವೊಂದಿದೆ. ಆ ದ್ವೀಪದಲ್ಲಿ ಒಂದು ಆನೆ ಓಡಾಡುತ್ತದೆ.

ಎತ್ತರ 12 ಮೀಟರ್, ಉದ್ದ 21 ಮೀಟರ್, ತೂಕ 48 ಟನ್. ಮೈಸೂರು ದಸರೆಯ ಅಂಬಾರಿ ಆನೆಯೇ ಪ್ರಪಂಚದ ದೊಡ್ಡ ಆನೆ ಎಂದುಕೊಂಡು ಬೆಳೆದವರು ನಾವು. ಅದರ ತೂಕ ಐದು ಟನ್ನಿನ ಆಸುಪಾಸು, ಹೊರುವ ಚಿನ್ನದ ಅಂಬಾರಿ 750 ಕಿಲೋ. ಇಲ್ಲಿನದು ಬೆನ್ನ ಮೇಲೂ ಹೊಟ್ಟೆಯೊಳಗೂ ಸುಮಾರು ಐವತ್ತು ಜನರನ್ನು ಹೊತ್ತುಕೊಂಡು, ಕಿವಿ ಬೀಸುತ್ತ, ಸೊಂಡಿಲಿನಿಂದ ಬುಸ್ಸೆಂದು ನೀರು ಚಿಮ್ಮಿಸುತ್ತ ಬರುತ್ತದೆ. ಮೈ ಮರದ್ದು, ಎಲುಬು ಉಕ್ಕಿನದು. ವೇಗ ಗಂಟೆಗೆ ಮೂರು ಕಿಲೋಮೀಟರ್ ದಾಟುವುದಿಲ್ಲ. ಹಾಗಾಗಿ ಮಕ್ಕಳು ಅದರ ಮುಂದೆ ಹಿಂದಕ್ಕೆ ಹೆಜ್ಜೆಯಿಡುತ್ತ, ಸೊಂಡಿಲ ನೀರಿಗೆ ಸಿಕ್ಕಿ ಕಿರುಚುತ್ತ ಇರುತ್ತವೆ. ನನ್ನ ವಯಸ್ಸಿನವರೂ ಕೆಲವರು ಕಿರುಚುತ್ತಿದ್ದರು ಅನ್ನಿ.

2023ರ ಬೇಸಿಗೆ ರಜೆಯಲ್ಲಿ ನಾನು ಅಲ್ಲಿಗೆ ಹೋಗಿದ್ದು ಆನೆಗಾಗಿ ಅಲ್ಲ. ಆ ಊರಿನಲ್ಲಿ 1828ರ ಫೆಬ್ರವರಿ 8ರಂದು ಹುಟ್ಟಿದ ಒಬ್ಬ ಕಥೆಗಾರನಿಗಾಗಿ. ಜೂಲ್ಸ್ ವರ್ನ್. ನನ್ನ ತಂಗಿಯ ಮಗ ನಾಂತ್‌ನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ. “ಬನ್ನಿ ಮಾವ, ಉಳಿಯೋಕೆ ನನ್ನ ರೂಮಿದೆ” ಎಂದ. ಸರ್ಕಾರಿ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರಿಗೆ ಇನ್ನೆಂಥ ಅವಕಾಶ ಬೇಕು?

ಎಂಟನೇ ತರಗತಿಯಲ್ಲಿದ್ದಾಗ ಓದಿದ ವರ್ನ್ ನನ್ನನ್ನು ಬಿಡಲಿಲ್ಲ. ಜಲಾಂತರ್ಗಾಮಿ ನಾಟಿಲಸ್, ಅದರ ಒಡೆಯ ಕ್ಯಾಪ್ಟನ್ ನೀಮೊ. (ಆ ಕಾದಂಬರಿಯ ಹೆಸರಿನಲ್ಲಿರುವ ‘ಇಪ್ಪತ್ತು ಸಾವಿರ ಲೀಗ್’ ಸಮುದ್ರದ ಆಳವೆಂದು ಇವತ್ತಿಗೂ ಹಲವರು ತಿಳಿದಿದ್ದಾರೆ. ಲೀಗಿಗೆ ನಾಲ್ಕು ಕಿಲೋಮೀಟರಿನಂತೆ ಲೆಕ್ಕ ಹಾಕಿದರೆ ಎಂಬತ್ತು ಸಾವಿರ ಕಿಲೋಮೀಟರ್. ಭೂಮಿಯನ್ನು ತೂರಿ ಆಚೆ ಹೊರಟು ಹೋಗಬೇಕಾದೀತು! ಅದು ನೀರೊಳಗೆ ಕ್ರಮಿಸಿದ ದೂರ.) ಆ ಪುಸ್ತಕದಲ್ಲಿ ನೀಮೊ ಯಾರು, ಯಾವ ದೇಶದವನು ಎಂಬುದೇ ಗುಟ್ಟು. ಮೈಸೂರಿನಲ್ಲಿ ಬಿಎಸ್ಸಿ ಓದುವಾಗ ಹಳೆ ಪುಸ್ತಕದ ರಾಶಿಯಲ್ಲಿ ವರ್ನ್‌ನ ‘ನಿಗೂಢ ದ್ವೀಪ’ದ ಇಂಗ್ಲಿಷ್ ಅನುವಾದ ಸಿಕ್ಕಿತು. ಅದರ ಕೊನೆಯ ಅಧ್ಯಾಯಗಳಲ್ಲಿ ಸಾಯುತ್ತ ಮಲಗಿದ ನೀಮೊ ತನ್ನ ಕಥೆ ಬಿಚ್ಚುತ್ತಾನೆ. ಅವನ ನಿಜವಾದ ಹೆಸರು ರಾಜಕುಮಾರ ಡಕ್ಕರ್. ಬುಂದೇಲಖಂಡದ ರಾಜನ ಮಗ. ಟಿಪ್ಪು ಸುಲ್ತಾನನಿಗೆ ‘ನೆಫ್ಯೂ’.

ಶ್ರೀರಂಗಪಟ್ಟಣದ ಪಕ್ಕದ ಹಳ್ಳಿಯಲ್ಲಿ ಹುಟ್ಟಿದ ಹುಡುಗನಿಗೆ ಅದನ್ನು ಓದಿದಾಗ ಏನಾಗಿರಬೇಡ! ನಾವು ಎಮ್ಮೆ ಮೇಯಿಸುತ್ತಿದ್ದ ಕೋಟೆಯ ಕಂದಕಕ್ಕೂ ನಾಟಿಲಸ್ಸಿಗೂ ನೆಂಟಸ್ತಿಕೆ. ಆದರೆ ಎಂಥ ನೆಂಟಸ್ತಿಕೆ? ಫ್ರೆಂಚಿನಲ್ಲೂ ಇಂಗ್ಲಿಷಿನಲ್ಲೂ ಒಂದೇ ಪದದಲ್ಲಿ ಮುಗಿಸುತ್ತಾರೆ. ನಮ್ಮಲ್ಲಿ ಅಣ್ಣನ ಮಗ ಬೇರೆ, ಅಕ್ಕನ ಮಗ ಬೇರೆ. ಅಪ್ಪ ಬುಂದೇಲಖಂಡದ ರಾಜನೆಂದ ಮೇಲೆ ತಾಯಿಯ ಕಡೆಯಿಂದಲೇ ಬರಬೇಕು, ಅಂದರೆ ಸೋದರಳಿಯ. ಹಾಗೆಂದು ನಾನೇ ತೀರ್ಮಾನಿಸಿಕೊಂಡೆ.

ದ್ವೀಪಕ್ಕೆ ಬರೋಣ. ಅದು ಮೊದಲು ಹಡಗು ಕಟ್ಟುವ ಜಾಗ. ಅಲ್ಲಿನ ಕೊನೆಯ ಹಡಗುಕಟ್ಟೆ 1987ರಲ್ಲಿ ಮುಚ್ಚಿತು. ತಲೆಮಾರುಗಳಿಂದ ಬೆಸುಗೆ ಹಾಕುತ್ತ, ರಿವೆಟ್ಟು ಹೊಡೆಯುತ್ತ ಬಂದವರ ಕೈ ಖಾಲಿಯಾಯಿತು. ಹಡಗುಗಳು ನೀರಿಗೆ ಜಾರುತ್ತಿದ್ದ ಇಳಿಜಾರುಗಳು, ಹಳದಿ ಬಣ್ಣದ ದೈತ್ಯ ಕ್ರೇನು, ಉದ್ದನೆಯ ಉಕ್ಕಿನ ಷೆಡ್ಡುಗಳು ಉಳಿದುಕೊಂಡವು. ನಮ್ಮ ಕಡೆಯಾಗಿದ್ದರೆ ಗುಜರಿಯವರು ಒಂದೇ ತಿಂಗಳಲ್ಲಿ ಹೊತ್ತು ಹಾಕುತ್ತಿದ್ದರು. ಇಲ್ಲಿ ಹಳೆಯ ಕೆಲಸಗಾರರು ಸಂಘ ಕಟ್ಟಿಕೊಂಡು, ಹಡಗುಕಟ್ಟೆಯ ಆಫೀಸು ಕಟ್ಟಡದಲ್ಲೇ ತಮ್ಮ ಕಸುಬಿನ ನೆನಪನ್ನು ಉಳಿಸಿಕೊಂಡಿದ್ದಾರೆ. ಪಕ್ಕದ ಷೆಡ್ಡುಗಳಲ್ಲಿ ಫ್ರಾನ್ಸ್ವಾ ದೆಲಾರೊಜಿಯೇರ್ ಮತ್ತು ಪಿಯರ್ ಒರೆಫೀಸ್ ಎಂಬಿಬ್ಬರು 2007ರಲ್ಲಿ ‘ದ್ವೀಪದ ಯಂತ್ರಗಳು’ ಎಂಬ ಈ ತಾಣವನ್ನು ಆರಂಭಿಸಿದರು. ವರ್ನ್‌ನ ಕಲ್ಪನೆ, ಲಿಯೊನಾರ್ಡೊ ಡ ವಿಂಚಿಯ ಯಂತ್ರಗಳು, ಊರಿನ ಕೈಗಾರಿಕೆಯ ಚರಿತ್ರೆ — ಈ ಮೂರನ್ನು ಕಲಸಿದ ಹಿಟ್ಟು ಇದು.

ನನಗೆ ಹಿಡಿಸಿದ್ದು ಇದರ ಪ್ರಾಮಾಣಿಕತೆ. ಇಲ್ಲಿ ಏನನ್ನೂ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿಲ್ಲ. ಆನೆಯ ಹೊಟ್ಟೆಯೊಳಗೆ ನಿಂತರೆ ಕೊಳವೆ, ಕೀಲು, ಬೆಸುಗೆಯ ಗೆರೆ ಎಲ್ಲ ಕಣ್ಣೆದುರಿಗೆ. ಅರವತ್ತಕ್ಕೂ ಹೆಚ್ಚು ಸಿಲಿಂಡರುಗಳು ಅದರ ಮೈ ಆಡಿಸುತ್ತವೆ, ಹೆಚ್ಚಿನವು ಎಣ್ಣೆಯ ಒತ್ತಡದಿಂದ. ಒಂಬತ್ತು, ಹತ್ತನೇ ತರಗತಿಯ ಮಕ್ಕಳಿಗೆ ವರ್ಷ ವರ್ಷವೂ ಹೇಳುವ ಪಾಸ್ಕಲ್ ನಿಯಮವೇ ಅದು: ಮುಚ್ಚಿದ ದ್ರವದ ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಒಂದೇ ಸಮನಾಗಿ ಹಂಚಿಕೆಯಾಗುತ್ತದೆ. ಕೆರೆಯ ಹೂಳೆತ್ತುವ ಜೆಸಿಬಿಯ ಕೈ ಆಡುವುದೂ ಹೀಗೆಯೇ. ಪಾಸ್ಕಲ್ ಕೂಡ ಫ್ರೆಂಚನೇ ಎಂಬುದು ಆನೆಯೊಳಗೆ ನಿಂತಾಗ ನೆನಪಾಯಿತು.

ಒಂದು ಗುಟ್ಟು ಹೇಳುತ್ತೇನೆ. ಆನೆ ಕಾಲೆತ್ತುತ್ತದೆ, ಮಂಡಿ ಬಾಗಿಸುತ್ತದೆ, ಪಾದ ಊರುತ್ತದೆ. ಆದರೆ ಭಾರ ಹೊರುವುದು ಕಾಲುಗಳಲ್ಲ. ಕೆಳಗೆ ಬಗ್ಗಿ ನೋಡಿ, ಗಾಲಿಗಳಿವೆ. ನಿಜಕ್ಕೂ ಕಾಲ ಮೇಲೆ ನಡೆಸಬೇಕಾದರೆ ಪ್ರತಿ ಹೆಜ್ಜೆಗೂ 48 ಟನ್ನಿನ ಗುರುತ್ವಕೇಂದ್ರ ನೆಲದಲ್ಲಿರುವ ಪಾದಗಳ ನಡುವೆಯೇ ಬೀಳುವಂತೆ ನೋಡಿಕೊಳ್ಳಬೇಕು. ಜೀವಂತ ಆನೆ ಇದನ್ನು ಯೋಚಿಸದೆಯೇ ಮಾಡುತ್ತದೆ. ಮೊಣಕಾಲು ನೋವಿನ ಮೇಷ್ಟ್ರು ಮೆಟ್ಟಿಲು ಇಳಿಯುವಾಗ ಸ್ವಲ್ಪ ಯೋಚಿಸಿ ಮಾಡುತ್ತಾನೆ.

ಫ್ರಾನ್ಸಿನ ಬಂದರಿನಲ್ಲಿ ಆನೆ ಏಕೆ? ವರ್ನ್ 1880ರಲ್ಲಿ ‘ಉಗಿಮನೆ’ ಎಂಬ ಕಾದಂಬರಿ ಬರೆದ. ಭೂತಾನದ ರಾಜನಿಗೆಂದು ಬ್ರಿಟಿಷ್ ಎಂಜಿನಿಯರೊಬ್ಬ ಉಕ್ಕಿನ ಆನೆ ಮಾಡುತ್ತಾನೆ; ಹೊಟ್ಟೆಯಲ್ಲಿ ಉಗಿಯಂತ್ರ. ರಾಜ ತೀರಿಕೊಂಡ ಮೇಲೆ ಆ ಆನೆಗೆ ಗಾಲಿಗಳ ಮೇಲಿನ ಎರಡು ಮನೆಗಳನ್ನು ಕಟ್ಟಿ, ಇಂಗ್ಲಿಷರ ಒಂದು ತಂಡ ಉತ್ತರ ಭಾರತವನ್ನೆಲ್ಲ ಸುತ್ತುತ್ತದೆ. ವರ್ನ್ ತೀರಿಕೊಂಡಿದ್ದು 1905ರಲ್ಲಿ. ನೂರನೇ ವರ್ಷಕ್ಕೆ, 2005ರಲ್ಲಿ, ‘ರೊಯಾಲ್ ದ ಲುಕ್ಸ್’ ಎಂಬ ಬೀದಿನಾಟಕದ ತಂಡ ಇದೇ ನಾಂತ್‌ನ ಬೀದಿಗಳಲ್ಲಿ ದೈತ್ಯ ಯಂತ್ರದ ಆನೆಯೊಂದನ್ನು ನಡೆಸಿತು. ಅದರ ಕಥೆಯಲ್ಲಿ ಕಾಲದಲ್ಲಿ ಸಂಚರಿಸುವ ಆನೆಯ ಮೇಲೆ ಕೂತು ಬರುವವನು ‘ಇಂಡಿಯಾದ ಸುಲ್ತಾನ’! ಈಗಿನ ಆನೆ ಅದರ ತಮ್ಮ.

ಬೆನ್ನ ಮೇಲೆ ನಿಂತು ಇದನ್ನೆಲ್ಲ ವಿವರಿಸಿದಾಗ ಅಳಿಯ ನಕ್ಕ. “ಸುಲ್ತಾನರ ಊರಿನವರು ನೀವೇ ಟಿಕೆಟ್ ತಗೊಂಡು ಹತ್ತಬೇಕಾಯ್ತಲ್ಲ ಮಾವ.”

ನನಗೆ ನೆನಪಾಗಿದ್ದು ಇನ್ನೊಂದು ಯಂತ್ರಪ್ರಾಣಿ. ಟಿಪ್ಪುವಿನ ಅರಮನೆಯಲ್ಲಿದ್ದ ಮರದ ಹುಲಿ. ಬಿಳಿಯ ಸೈನಿಕನೊಬ್ಬನನ್ನು ಕೆಡವಿ ಕುತ್ತಿಗೆ ಹಿಡಿದಿರುವ ಹುಲಿ ಅದು. ಹಿಡಿ ತಿರುಗಿಸಿದರೆ ಹುಲಿ ಗುರುಗುಟ್ಟುತ್ತದೆ, ಸೈನಿಕನ ಕೈ ಮೇಲೆ ಕೆಳಗೆ ಆಡುತ್ತದೆ. ಪಕ್ಕೆಯಲ್ಲಿ ಪುಟ್ಟ ವಾದ್ಯವೂ ಇದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಇಂಗ್ಲಿಷರು ಹೊತ್ತೊಯ್ದರು. ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. 1788ರಲ್ಲಿ ಟಿಪ್ಪುವಿನ ರಾಯಭಾರಿಗಳು ವರ್ಸೇಲ್ಸಿನಲ್ಲಿ ಹದಿನಾರನೇ ಲೂಯಿಯನ್ನು ಕಂಡಾಗ ಸೈನ್ಯದ ಜೊತೆಗೆ ಕುಶಲಕರ್ಮಿಗಳನ್ನೂ ಕೇಳಿದ್ದರು. ಯಂತ್ರದ ಹುಚ್ಚು ಫ್ರೆಂಚರಿಗೆ ಮಾತ್ರ ಇದ್ದುದಲ್ಲ.

ಆನೆಯಿಂದ ಇಳಿದು ಪಕ್ಕದ ‘ಸಮುದ್ರಲೋಕದ ತಿರುಗಣಿ’ಗೆ ಹೋದೆವು. 2012ರಲ್ಲಿ ಸೇರಿಸಿದ್ದು, ಎತ್ತರ ಸುಮಾರು 25 ಮೀಟರ್. ಮೂರು ಅಂತಸ್ತು: ಕೆಳಗೆ ಕಡಲ ತಳ, ನಡುವೆ ಕತ್ತಲ ಆಳ, ಮೇಲೆ ಅಲೆಗಳು. ಜಾತ್ರೆಯ ತಿರುಗಣಿಯಲ್ಲಿ ಸುಮ್ಮನೆ ಕುದುರೆ ಹತ್ತಿ ಕೂರುತ್ತೇವಲ್ಲ, ಇಲ್ಲಿ ಹಾಗಲ್ಲ. ಕೂತವರೇ ಹಿಡಿಕೆ ಎಳೆಯಬೇಕು, ತುಳಿಯಬೇಕು. ಆಗ ಮೀನು ಬಾಯಿ ತೆರೆಯುತ್ತದೆ, ರೆಕ್ಕೆ ಬಡಿಯುತ್ತದೆ. ನನಗೆ ಹೇಳಿದ್ದರೆ ಇಡೀ ದಿನ ಅಲ್ಲೇ ಸನ್ನೆಕೋಲಿನ ಪಾಠ ಮಾಡಿಬಿಡುತ್ತಿದ್ದೆ.

ಆದರೆ ನೀಮೊ? ಅವನು ದ್ವೀಪದಲ್ಲಿಲ್ಲ. ಕಾಲುಸೇತುವೆಯ ಮೇಲೆ ನದಿ ದಾಟಿ ದಂಡೆಯಗುಂಟ ಪಶ್ಚಿಮಕ್ಕೆ ನಡೆಯಬೇಕು. ಸೇತುವೆಗೆ ವಿಕ್ತೋರ್ ಷೋಲ್ಷೇರ್ ಎಂಬವನ ಹೆಸರು. ಫ್ರೆಂಚ್ ವಸಾಹತುಗಳಲ್ಲಿ ಗುಲಾಮಗಿರಿಯನ್ನು 1848ರಲ್ಲಿ ರದ್ದು ಮಾಡಿಸಿದವನು. ಆಚೆ ದಡದಲ್ಲಿ ಇಳಿದ ಕೂಡಲೇ ಅದೇಕೆಂದು ತಿಳಿಯುತ್ತದೆ. ಕಾಲ ಕೆಳಗೆ, ನೆಲದಲ್ಲಿ ಗಾಜಿನ ಸಣ್ಣ ಫಲಕಗಳು. ಸುಮಾರು ಎರಡು ಸಾವಿರ. ಬಹುಪಾಲಿನ ಮೇಲೆ ಒಂದೊಂದು ಹಡಗಿನ ಹೆಸರು, ಒಂದು ಇಸವಿ. ಆಫ್ರಿಕಾದಿಂದ ಮನುಷ್ಯರನ್ನು ತುಂಬಿಕೊಂಡು ಹೋಗಲು ಈ ಊರಿನಿಂದ ಹೊರಟ ಹಡಗುಗಳವು. ಗುಲಾಮರ ವ್ಯಾಪಾರದಲ್ಲಿ ಫ್ರಾನ್ಸಿಗೇ ಮೊದಲ ಬಂದರು ನಾಂತ್. 2012ರಲ್ಲಿ ಈ ಸ್ಮಾರಕ ತೆರೆಯಿತು.

ಆಫ್ರಿಕಾದ ಕರಾವಳಿಯಲ್ಲಿ ಮನುಷ್ಯರಿಗೆ ಬದಲಾಗಿ ಕೊಡುತ್ತಿದ್ದ ಸರಕಿನಲ್ಲಿ ಅಚ್ಚು ಹಾಕಿದ ಹತ್ತಿಬಟ್ಟೆಯೂ ಇತ್ತು. ಭಾರತದಿಂದ ಬಂದದ್ದು, ಆಮೇಲೆ ಅದನ್ನು ನೋಡಿ ಇದೇ ಊರಿನಲ್ಲಿ ತಯಾರಿಸಿದ್ದು. ಆ ಬಟ್ಟೆಗೆ ಅವರಿಟ್ಟ ಹೆಸರೇ ‘ಇಂಡಿಯೆನ್’. ನಮ್ಮ ಹೆಸರು ಇಂಥ ಕಡೆಯೂ ಸಿಕ್ಕಿತಲ್ಲ ಎಂದು ಹೊಟ್ಟೆಯೊಳಗೆ ತಣ್ಣಗಾಯಿತು. ವರ್ನ್ ಹುಟ್ಟಿದ ಬಡಾವಣೆಯ ಚಂದದ ಕಲ್ಲುಮನೆಗಳು ಹಡಗಿನ ಒಡೆಯರು ಕಟ್ಟಿಸಿದವು. ಅಳಿಯನೂ ನಾನೂ ಬಹಳ ಹೊತ್ತು ಮಾತಾಡದೆ ಫಲಕ ಓದುತ್ತ ನಡೆದೆವು. ಕೆಲವು ಹಡಗುಗಳಿಗೆ ಎಷ್ಟು ಮುದ್ದಾದ ಹೆಸರು!

ದಂಡೆ ಮುಗಿಯುವಲ್ಲಿ ಸೇಂಟ್ ಆನ್ ಗುಡ್ಡ. ಮೇಲೆ, ನದಿಯನ್ನು ನೋಡುವ ಹಳೆಯ ಮನೆಯೊಂದರಲ್ಲಿ 1978ರಲ್ಲಿ ತೆರೆದ ವರ್ನ್ ಮ್ಯೂಸಿಯಮ್. ಅವನು ಆ ಮನೆಯಲ್ಲಿ ವಾಸವಿದ್ದವನಲ್ಲ. ಹತ್ತಿರದಲ್ಲೇ ಎರಡು ಪ್ರತಿಮೆಗಳು: ಬೆಂಚಿನ ಮೇಲೆ ಕೂತ ಹುಡುಗ ವರ್ನ್, ಎದುರಿಗೆ ನಿಂತ ನೀಮೊ.

ಕೊನೆಗೂ ಭೇಟಿಯಾಯಿತು. ಆದರೆ ನೋಡಿ, ಅವನು ನಮ್ಮವನಾಗಿದ್ದೇ ಒಂದು ವ್ಯಾಪಾರದ ಕಾರಣದಿಂದ. ವರ್ನ್ ಮೊದಲು ಯೋಚಿಸಿದ್ದು ಪೋಲೆಂಡಿನ ಸರದಾರನೊಬ್ಬನನ್ನು. 1863ರ ದಂಗೆಯನ್ನು ಅಡಗಿಸಿದ ರಷ್ಯನ್ನರ ಮೇಲೆ ಸೇಡು ತೀರಿಸಿಕೊಳ್ಳುವವನು. ಪ್ರಕಾಶಕ ಎಟ್ಜೆಲ್ ಒಪ್ಪಲಿಲ್ಲ. ರಷ್ಯಾದಲ್ಲಿ ಪುಸ್ತಕ ಮಾರಬೇಕಲ್ಲ! ಹಾಗಾಗಿ ಮೊದಲ ಪುಸ್ತಕದಲ್ಲಿ ನೀಮೊಗೆ ದೇಶವೇ ಇಲ್ಲ. 1874–75ರ ಎರಡನೆಯದರಲ್ಲಿ ಭಾರತ ಸಿಕ್ಕಿತು. 1857ರಲ್ಲಿ ಹೋರಾಡಿ, ಹೆಂಡತಿ ಮಕ್ಕಳನ್ನು ಕಳೆದುಕೊಂಡು, ಯೂರೋಪಿನಲ್ಲಿ ಕಲಿತ ವಿಜ್ಞಾನವನ್ನೆಲ್ಲ ಒಂದು ಹಡಗಿಗೆ ಸುರಿದವನು. ಲೆಕ್ಕ ಹಾಕಿದರೆ ಅವನು ಹುಟ್ಟಿದ್ದು 1819ರಲ್ಲಿ, ಟಿಪ್ಪು ಸತ್ತು ಇಪ್ಪತ್ತು ವರ್ಷದ ಮೇಲೆ. ಮಾವ ಅಳಿಯ ಮುಖ ನೋಡಿದವರಲ್ಲ. ಭಾರತವನ್ನು ಕಾಣದ ವರ್ನ್‌ಗೆ ಟಿಪ್ಪು ಎಂದರೆ ಇಂಗ್ಲಿಷರಿಗೆ ತಲೆಬಾಗದವನ ಹೆಸರು; ಅಷ್ಟು ಸಾಕಾಗಿತ್ತು.

ಸಿನಿಮಾದವರು ಮಾತ್ರ ಇದನ್ನು ಬಹುಕಾಲ ಮರೆತರು. 1954ರ ಡಿಸ್ನಿ ಚಿತ್ರದಲ್ಲಿ ನೀಮೊ ಆದದ್ದು ಇಂಗ್ಲಿಷ್ ನಟ ಜೇಮ್ಸ್ ಮೇಸನ್! 2003ರಲ್ಲಿ ಒಂದು ಹಾಲಿವುಡ್ ಚಿತ್ರದಲ್ಲಿ ನಾಸಿರುದ್ದೀನ್ ಷಾ ಆ ಪಾತ್ರ ಮಾಡಿದಾಗ, ಚಿತ್ರ ಸುಮಾರಾದರೂ ಎರಡು ಸಲ ನೋಡಿದ್ದೆ. ಗುಡ್ಡದ ಮೇಲೆ ಬಂದುಹೋಗುವವರು ಹುಡುಗನ ಪಕ್ಕ ಬೆಂಚಿನಲ್ಲಿ ಕೂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ನಾನು ನಿಂತವನ ಪಕ್ಕ ತೆಗೆಸಿಕೊಂಡೆ.

ಜೂನ್‌ನಲ್ಲಿ ಶಾಲೆ ಶುರುವಾದಾಗ ಆ ಫೋಟೊವನ್ನು ಹತ್ತನೇ ತರಗತಿಗೆ ತೋರಿಸಿದೆ. ನಾಟಿಲಸ್ ವಿದ್ಯುತ್ತಿನಿಂದ ಓಡುತ್ತಿತ್ತು, ವಿದ್ಯುತ್ಕೋಶಕ್ಕೆ ಬೇಕಾದ ಸೋಡಿಯಮನ್ನು ಸಮುದ್ರದ ನೀರಿನಿಂದಲೇ ತೆಗೆಯುತ್ತಿದ್ದರು ಎಂದೆ. ನಮ್ಮ ಲ್ಯಾಬಿನಲ್ಲಿ ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟ ಸೋಡಿಯಮ್ ಚೂರಿನ ಕಡೆಗೆ ಎಲ್ಲರ ಕಣ್ಣು ಹೋಯಿತು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಕೇಳಿದಳು:

“ಅವ್ನು ಮಾವನ ಊರಿಗೆ ಬಂದಿದ್ನಾ ಸಾರ್? ಶ್ರೀರಂಗಪಟ್ಟಣಕ್ಕೆ?”

ಪುಸ್ತಕದಲ್ಲಿ ಇಲ್ಲ ಎಂದೆ. ಬರಬೇಕೆಂದರೂ ಕಷ್ಟ: ನಾಟಿಲಸ್ 70 ಮೀಟರ್ ಉದ್ದ, 8 ಮೀಟರ್ ದಪ್ಪ, ಬೇಸಿಗೆಯ ಕಾವೇರಿ ಮೊಣಕಾಲುದ್ದ.

“ಮಳೆಗಾಲದಲ್ಲಿ ಬರ್ಬೋದಲ್ಲ ಸಾರ್, ಕೆಆರ್‌ಎಸ್ ಗೇಟು ತೆಗ್ದಾಗ?”

ಬಂಗಾಳ ಕೊಲ್ಲಿಯಿಂದ ಬರುವವನು ಶಿವನಸಮುದ್ರದ ಜಲಪಾತವನ್ನು ಹೇಗೆ ಹತ್ತುತ್ತಾನಮ್ಮ ಎಂದೆ. ಅವಳು ಯೋಚಿಸುತ್ತಿರುವಾಗಲೇ ಪಕ್ಕದ ಸಾಲಿನಿಂದ ಉತ್ತರ ಬಂತು:

“ಆ ಉಕ್ಕಿನ ಆನೆ ಇದ್ಯಲ್ಲ ಸಾರ್, ಎರಡೆರಡು ಮನೆ ಎಳ್ಯೋದು. ಅದುಕ್ಕೆ ಕಟ್ಟಿ ಎಳೆಸ್ಬಿಡೋದು.”