ಕುಡಿಯಲಿಕ್ಕೆ ನಿಂತುದೂ ಕುಡಿಯುವುದನ್ನು ನಿಲ್ಲಿಸಿದುದೂ

ಮಕ್ಕಳು ಇಂಗ್ಲಿಷು ವ್ಯಾಕರಣದ ಪುಸ್ತಕವನ್ನು ತೆರೆದೊಡನೆ ‘ಅದು ನಮ್ಮಿಂದಾಗುವ ಮಾತಲ್ಲ’ ಎಂದು ಹಿರಿಯರು ಎದ್ದುಹೋಗುವುದು ನಮ್ಮ ಕಡೆಯ ಮನೆಗಳಲ್ಲಿ ವಾಡಿಕೆಯಾಗಿದೆ. ಮಾನ್ವಿ, ದೇವದುರ್ಗ, ರಾಯಚೂರುಗಳ ಶಾಲೆಗಳಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಪಾಠ ಹೇಳಿ ಈಗ ವಿಶ್ರಾಂತರಾಗಿರುವ ನಮಗೆ ಈ ಭಯವು ಅಕಾರಣವೆಂದು ತೋರುತ್ತದೆ. ಕ್ರಿಯಾಪದದ ಮೊದಲಿಗೆ ‘ಟು’ ಎಂಬುದನ್ನಿಟ್ಟು ಇನ್ಫಿನಿಟಿವ್ ಮಾಡತಕ್ಕದ್ದೋ, ಕೊನೆಗೆ ‘ಇಂಗ್’ ಹಚ್ಚಿ ಜೆರಂಡ್ ಮಾಡತಕ್ಕದ್ದೋ ಎಂಬ ಸಂಶಯವನ್ನಂತೂ ಇಂಗ್ಲಿಷನ್ನರಿಯದ ತಾಯಿಯೇ ಬಹುಮಟ್ಟಿಗೆ ಬಿಡಿಸಿಕೊಡಬಲ್ಲಳು.

ರಾಯಚೂರಿನಿಂದ ದೇವದುರ್ಗಕ್ಕೆ ಹೋಗುವ ಬಸ್ಸು ಗಬ್ಬೂರಿನಲ್ಲಿ ನಿಂತಿತೆನ್ನಿರಿ. ‘ಡ್ರೈವರ ಚಹಾ ಕುಡಿಯಾಕ ನಿಂತ’ ಎಂದು ಜನರು ಹೇಳುವರು. ಅವನೇ ವೈದ್ಯರ ಮಾತು ಕೇಳಿ ಚಹಾವನ್ನು ತೊರೆದನಾದರೆ ‘ಚಹಾ ಕುಡಿಯೂದು ನಿಲ್ಲಿಸಿದ’ ಎನ್ನುವರು. ಯಾವ ಅಜ್ಜಿಯೂ ಇವೆರಡನ್ನು ಬೆರೆಸಳು. ಇಂಗ್ಲಿಷಿನಲ್ಲಿ ಮೊದಲನೆಯದು ‘ಸ್ಟಾಪ್ಡ್ ಟು ಡ್ರಿಂಕ್’; ಎರಡನೆಯದು ‘ಸ್ಟಾಪ್ಡ್ ಡ್ರಿಂಕಿಂಗ್’. ನಮಗೆ ನಿಲ್ಲು, ನಿಲ್ಲಿಸು ಎಂದು ಎರಡು ರೂಪಗಳುಂಟು; ಅವರಿಗೆ ‘ಸ್ಟಾಪ್’ ಒಂದೇ. ಆದುದರಿಂದ ಅರ್ಥದ ಭಾರವೆಲ್ಲ ಮುಂದೆ ಬರುವ ಪದದ ಮೇಲೆಯೇ ಬೀಳುತ್ತದೆ. ನಮ್ಮ ಊರುಗಳ ತರಗತಿಯಲ್ಲಿ ಕನ್ನಡದವರೊಡನೆ ‘ಪೀನೇಕು ರುಕಾ’, ‘ಪೀನಾ ಛೋಡಾ’ ಎನ್ನುವ ದಖನಿ ಮಕ್ಕಳೂ, ‘ತಾಗಡಾನಿಕಿ ಆಗಾಡು’, ‘ತಾಗಡಂ ಮಾನೇಶಾಡು’ ಎನ್ನುವ ತೆಲುಗು ಮಕ್ಕಳೂ ಕೂಡಿ ಕುಳಿತಿರುವರು. ಈ ಭೇದವು ಯಾರ ಮನೆಯಲ್ಲಿಯೂ ಇಲ್ಲದುದಲ್ಲ.

ಸಂಸ್ಕೃತವನ್ನು ಬಲ್ಲವರಿಗೆ ಇದು ತುಮುನ್, ಲ್ಯುಟ್ ಎಂಬ ಪ್ರತ್ಯಯಗಳ ವಿಷಯ. ‘ಪಾತುಂ ತಿಷ್ಠತಿ’ ಎಂದರೆ ಕುಡಿಯಲು ನಿಲ್ಲುತ್ತಾನೆ. ‘ಪಾನಂ ತ್ಯಜತಿ’ ಎಂದರೆ ಕುಡಿಯುವುದನ್ನು ಬಿಡುತ್ತಾನೆ. ಒಂದು ಕ್ರಿಯೆಯು ಇನ್ನೊಂದು ಕ್ರಿಯೆಗಾಗಿ ನಡೆಯುವಾಗ, ಆ ಇನ್ನೊಂದು ಇನ್ನೂ ಆಗಬೇಕಾಗಿರುವಾಗ, ತುಮುನ್ ಬರತಕ್ಕದ್ದೆಂದು ಪಾಣಿನಿಯ ವಿಧಿ. ಅದೇ ಅರ್ಥದಲ್ಲಿ ಭಾವವಾಚಕಕ್ಕೆ ಚತುರ್ಥಿಯನ್ನು ಹಚ್ಚಿ ‘ಪಾನಾಯ’ ಎನ್ನಲೂ ಅವನು ಅನುಮತಿಯಿತ್ತಿದ್ದಾನೆ. ನಮ್ಮ ‘ಕುಡಿಯಲಿಕ್ಕೆ’ ಎಂಬಲ್ಲಿಯ ‘ಕ್ಕೆ’ ಚತುರ್ಥಿಯಲ್ಲದೆ ಮತ್ತೇನು? ಇಂಗ್ಲಿಷಿನ ‘ಟು’ ಎಂಬುದೂ ಮೊದಲು ‘ಕಡೆಗೆ’ ಎಂಬರ್ಥದ ಪದವೇ. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ಅದರ ಮುಂದೆ ಬರುವ ಕ್ರಿಯಾರೂಪವು ಚತುರ್ಥಿಯ ಪ್ರತ್ಯಯವನ್ನೇ ಹೊತ್ತಿರುತ್ತಿತ್ತು. ಈ ಸಾಮ್ಯವನ್ನು ಕಂಡಾಗ ನಮಗಾದ ಸಂತೋಷವು ಅಷ್ಟಿಷ್ಟಲ್ಲ.

‘ಟು’ ಮುಂದಕ್ಕೆ ನೋಡುವುದರಿಂದಲೇ ‘ರಿಮೆಂಬರ್ ಟು ಪೋಸ್ಟ್’ ಎಂದರೆ ಕಾಗದವನ್ನು ಇನ್ನು ಹಾಕಬೇಕಾಗಿದೆ, ನೆನಪಿರಲಿ ಎಂದರ್ಥ. ‘ರಿಮೆಂಬರ್ ಪೋಸ್ಟಿಂಗ್’ ಎಂದರೆ ಹಾಕಿದುದು ನೆನಪಿದೆ ಎಂದರ್ಥ.

ಇದು ಪಂಡಿತರ ಕಾಲಹರಣವೆಂದು ವಾಚಕರು ಭಾವಿಸಬಾರದು. ದೇವದುರ್ಗ ತಾಲ್ಲೂಕಿನ ಹಳ್ಳಿಯೊಂದರ ಹುಡುಗಿ, ನಮ್ಮ ಹಳೆಯ ಶಿಷ್ಯನ ಮಗಳು, ಮಳೆ ಕೈಕೊಟ್ಟ ವರ್ಷ ತಂದೆತಾಯಿಗಳೊಡನೆ ಬೆಂಗಳೂರಿಗೆ ಗುಳೆ ಹೋಗಿ, ಅವರು ಕಟ್ಟಡದ ಕೆಲಸಕ್ಕೆ ಹೋದಾಗ ತಮ್ಮನನ್ನು ನೋಡಿಕೊಂಡಿದ್ದಳು. ಮರುವರ್ಷ ಬಂದು ಮತ್ತೆ ಓದಿ ತೇರ್ಗಡೆಯಾದಳು. ಅನಂತರ ಉದ್ಯೋಗಕ್ಕೆ ಅರ್ಜಿ ಹಾಕಿದಾಗ, ನಡುವೆ ಒಂದು ವರ್ಷವೇಕೆ ಬರಿದಾಗಿದೆಯೆಂಬ ಪ್ರಶ್ನೆಗೆ ‘ಐ ಸ್ಟಾಪ್ಡ್ ಟು ಸ್ಟಡಿ ಫಾರ್ ಒನ್ ಇಯರ್’ ಎಂದು ಬರೆದಳು. ಓದುವುದನ್ನು ನಿಲ್ಲಿಸಿದೆನೆಂಬುದು ಅವಳ ಅಭಿಪ್ರಾಯ. ಓದುವುದಕ್ಕಾಗಿ ಉಳಿದುದನ್ನೆಲ್ಲ ನಿಲ್ಲಿಸಿದಳೆಂದು ಅಲ್ಲಿಯವರು ತಿಳಿದರು; ಹಾಗಾದರೆ ಏನು ಓದಿದೆ, ಪ್ರಮಾಣಪತ್ರವೆಲ್ಲಿ ಎಂದು ಕೇಳಿದರು. ಪತ್ರವಿಲ್ಲ. ಸುಳ್ಳು ಹೇಳಿದಳೆಂದು ಅರ್ಜಿ ತಿರಸ್ಕೃತವಾಯಿತು. ಕನ್ನಡ ನಾಡಿನಲ್ಲಿ ಕುಳಿತು ಕೆಲಸ ಕೊಡುವವರು ಆ ಒಂದು ಮಾತನ್ನು ಕನ್ನಡದಲ್ಲಿಯೇ ಕೇಳಬಹುದಾಗಿತ್ತು! ಇರಲಿ.

ಅವಳು ಆ ಕಾಗದವನ್ನು ನಮ್ಮ ಮನೆಗೆ ತಂದಳು. ‘ನೀನು ಓದಾಕ ನಿಂತೆಯೋ, ಓದೂದು ನಿಲ್ಲಿಸಿದೆಯೋ, ತಾಯಿ?’ ಎಂದೆವು. ‘ಓದೂದು ನಿಲ್ಲಿಸಿದೆ, ಸರ’ ಎಂದಳು. ‘ಹಾಗಾದರೆ ಸ್ಟಡಿಯಿಂಗ್ ಎಂದು ಬರೆ’ ಎಂದೆವು. ಅವಳು ಸ್ವಲ್ಪ ಹೊತ್ತು ಸುಮ್ಮನೆ ಕುಳಿತು, ‘ಇಷ್ಟೇನಾ?’ ಎಂದಳು. ಆ ‘ಇಷ್ಟೇನಾ’ ಎಂಬ ಮಾತಿನಲ್ಲಿ ಸಂತೋಷವಿರಲಿಲ್ಲ.

ಎಲ್ಲ ಕಡೆಯೂ ಮನೆಮಾತು ದಾರಿ ತೋರುವುದೆಂದು ನಾವು ಹೇಳಲಾರೆವು. ‘ಓದಲಿಕ್ಕೆ ಖುಷಿ’ ಎಂಬುದನ್ನು ನೆನೆದು ‘ಎಂಜಾಯ್ ಟು ರೀಡ್’ ಎಂದು ಬರೆದರೆ ತಪ್ಪು. ಎಂಜಾಯ್, ಅವಾಯ್ಡ್, ಫಿನಿಶ್ ಇವು ಇಂಗನ್ನೇ ಬೇಡುವುವು. ಹೋಪ್, ಡಿಸೈಡ್, ವಾಂಟ್ ಇವಕ್ಕೆ ಟು ಬೇಕು. ಇಂಥ ಕಡೆ ಯುಕ್ತಿ ಹುಡುಕುತ್ತ ಕೂಡುವುದಕ್ಕಿಂತ ಗಣಪಾಠದಂತೆ ಬಾಯಿಪಾಠ ಮಾಡುವುದೇ ಲೇಸು. ಪಾಣಿನಿಯಂಥವನೇ ಗಣಪಾಠವನ್ನು ಬಿಡಲಿಲ್ಲವಷ್ಟೆ.

ಆ ಹುಡುಗಿ ಬೇರೊಂದು ಕಡೆಗೆ ಅರ್ಜಿ ಬರೆಯುವಾಗ ಕೊನೆಯಲ್ಲಿ ‘ಲುಕ್ ಫಾರ್ವರ್ಡ್ ಟು ಹಿಯರಿಂಗ್’ ಎಂದು ಬರೆಯಿಸಿದೆವು. ‘ಟು ಇದ್ದ ಮೇಲೆ ಇಂಗ್ ಯಾಕ್ರಿ ಸರ?’ ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಈ ‘ಟು’ ನಾಮಪದಕ್ಕೆ ಹತ್ತುವ ವಿಭಕ್ತಿಯಂಥದು; ‘ಕೇಳುವುದು’ ಎಂಬ ಭಾವನಾಮಕ್ಕೆ ‘ಕ್ಕೆ’ ಹತ್ತಿ ‘ಕೇಳುವುದಕ್ಕೆ’ ಆಗುವಂತೆ ಇಲ್ಲಿ ಎರಡೂ ಕೂಡಿ ಬಂದಿವೆ ಎಂದು ಬಿಡಿಸಿ ಹೇಳಿದೆವು. ಅವಳು ಬೆರಳಿನಿಂದ ಎರಡು ತುಂಡುಗಳನ್ನೂ ಮುಟ್ಟಿ ನೋಡಿ, ಸಹಿ ಹಾಕಿದಳು.