ನಮ್ಮ ಕಡೆಯವರು

ಮದುವೆ ಮನೆಯಲ್ಲಿ ಪಕ್ಕದ ಎಲೆಗೆ ಕೂತವರು ಪಲ್ಯ ಬಡಿಸುವಷ್ಟರಲ್ಲಿ ಕೇಳಿಬಿಡುತ್ತಾರೆ: “ನೀವು ಗಂಡಿನ ಕಡೆಯವರೋ, ಹೆಣ್ಣಿನ ಕಡೆಯವರೋ?” ಬೆಂಗಳೂರಿನ ಮನೆ ವ್ಯಾಪಾರದಲ್ಲಿ ಮಾತ್ರ ಬ್ರೋಕರನ್ನು ಯಾರೂ ಹೀಗೆ ಕೇಳುವ ಪದ್ಧತಿಯಿಲ್ಲ. ಕೇಳಿದರೂ “ಇಬ್ಬರ ಕಡೆಯೂ ಸರ್” ಎನ್ನುತ್ತಾರೆ. ಸುಳ್ಳೇನಲ್ಲ, ಕಮಿಷನ್ ಇಬ್ಬರಿಂದಲೂ ಬರುತ್ತದೆ. ಒಂದೋ ಎರಡೋ ಪರ್ಸೆಂಟು. ಮನೆಯ ಬೆಲೆ ಏರಿದಷ್ಟೂ ಪರ್ಸೆಂಟಿನ ಹೊಟ್ಟೆಯೂ ಉಬ್ಬುವುದರಿಂದ, ಇಬ್ಬರ ಕಡೆಯವರು ಯಾವ ಕಡೆ ವಾಲುತ್ತಾರೆಂದು ಬಿಡಿಸಿ ಹೇಳಬೇಕಾಗಿಲ್ಲ. ಅವರ ಬಾಯಲ್ಲಿ ಪ್ರತಿ ಮನೆಯೂ ಪೂರ್ವಕ್ಕೆ ಮುಖ ಮಾಡಿರುತ್ತದೆ, ಮೆಟ್ರೊ ಐದೇ ನಿಮಿಷ ಇರುತ್ತದೆ. ಯಾವ ವಾಹನದಲ್ಲಿ, ಎಷ್ಟು ಹೊತ್ತಿಗೆ ಎಂದು ಕೇಳಬಾರದು.

ಡಲ್ಲಾಸಿನಲ್ಲಿರುವ ಅಕ್ಕನ ಮಗ ನಮ್ಮ ಮನೆ ಬೇಟೆಯ ಸುದ್ದಿ ಕೇಳಿ, “ಮಾಮ, ನಿಮ್ಮ ಏಜೆಂಟ್ ಯಾರು?” ಎಂದ. ಅಲ್ಲಿ 2024ರ ಆಗಸ್ಟ್‌ನಿಂದ ಕೊಳ್ಳುವವರು ಏಜೆಂಟಿನ ಜೊತೆ ಮನೆ ನೋಡಲು ಹೊರಡುವ ಮೊದಲೇ, ಫೀಸು ಎಷ್ಟೆಂದು ಬರೆದು ಸಹಿ ಹಾಕಬೇಕಂತೆ. ನಮ್ಮ ರೇರಾ ಕಾಯ್ದೆಯೂ 2016ರಲ್ಲೇ ಬಂದು, ಹೊಸ ಪ್ರಾಜೆಕ್ಟುಗಳನ್ನು ಮಾರಿಸುವ ಏಜೆಂಟರು ನೋಂದಾಯಿಸಿಕೊಳ್ಳಬೇಕೆಂದು ಹೇಳಿತು. ಆದರೆ ಹಳೇ ಮನೆಯ ವ್ಯಾಪಾರದ ಒಪ್ಪಂದ ಈಗಲೂ ದರ್ಶಿನಿಯ ನಿಲ್ಲುವ ಟೇಬಲ್ಲಿನ ಮೇಲೆ, ಬೈಟು ಕಾಫಿಯ ಸಾಕ್ಷಿಯಲ್ಲೇ ನಡೆಯುತ್ತದೆ. ನಾವೂ ಹಾಗೇ ಒಬ್ಬರನ್ನು ಗೊತ್ತು ಮಾಡಿಕೊಂಡೆವು. ಷರತ್ತು ಒಂದೇ: ಮಾರುವವರಿಂದ ಬಿಡಿಗಾಸೂ ಮುಟ್ಟಕೂಡದು, ಬ್ರೋಕರಿಗೆ ಸಲ್ಲಬೇಕಾದದ್ದೆಲ್ಲ ನಮ್ಮಿಂದಲೇ.

ಅವರು ಮೊದಲು ಸಬ್‌ರಿಜಿಸ್ಟ್ರಾರ್ ಕಚೇರಿಯ ಎದುರು ಪತ್ರ ಬರಹಗಾರರಾಗಿದ್ದವರು. ಕ್ರಯಪತ್ರದ ‘ಚೆಕ್ಕುಬಂದಿ’ಯನ್ನು ಅವರು ಓದುವಾಗ ಧ್ವನಿಯಲ್ಲಿ ಮಂತ್ರದ ಏರಿಳಿತ ಬರುತ್ತಿತ್ತು. ನೋಂದಣಿಗೆ ಕಾವೇರಿ ತಂತ್ರಾಂಶ ಬಂದು ಜನ ಮನೆಯಲ್ಲೇ ಕೂತು ಅರ್ಜಿ ತುಂಬತೊಡಗಿದ ಮೇಲೆ ಕಚೇರಿಯೆದುರಿನ ಮೇಜು ಎತ್ತಿ ಈ ಕಸುಬಿಗೆ ಇಳಿದಿದ್ದರು. ಮನೆ ತೋರಿಸಲು ಕರೆದೊಯ್ದರೆ ನಾವು ಹಜಾರ, ಅಡುಗೆಮನೆ, ಬಾಲ್ಕನಿ ನೋಡುತ್ತಿದ್ದೆವು. ಅವರು ಮೂಲೆಯ ಕುರ್ಚಿ ಹಿಡಿದು ಮೂಲಪತ್ರ, ಖಾತಾ, ಇ.ಸಿ. ನೋಡುತ್ತಿದ್ದರು. ಸಾವಿರದ ಇನ್ನೂರು ಚದರಡಿ ಎಂದು ತೋರಿಸಿದ ಒಂದು ಫ್ಲ್ಯಾಟಿನಲ್ಲಿ ಜೇಬಿನಿಂದ ಟೇಪು ತೆಗೆದು ಅಳೆದಾಗ ಕಾಲಿಡಲು ಸಿಕ್ಕದ್ದು 870. ಉಳಿದದ್ದು ಲಿಫ್ಟು, ಮೆಟ್ಟಿಲು, ಗೋಡೆಗಳ ಪಾಲು. “ಮೆಟ್ಟಿಲ ಮೇಲೆ ಮಲಗ್ತೀರಾ ಸರ್?” ಎಂದು ಟೇಪು ಸುತ್ತಿಕೊಂಡರು.

ಇಷ್ಟಾದರೂ ಬನಶಂಕರಿಯ ಕಡೆಯ ಆ ಹಳೇ ಮನೆ ನಮ್ಮ ಬುದ್ಧಿ ಕೆಡಿಸಿತು. ರೆಡ್‌ಆಕ್ಸೈಡ್ ನೆಲ, ಪಡಸಾಲೆಯಲ್ಲಿ ತೂಗುಮಂಚ, ಕಾಂಪೌಂಡಿನ ಮೂಲೆಗೆ ಪಾರಿಜಾತ. ಬೆಳಗಿನ ಹೂ ಇನ್ನೂ ಗುಡಿಸಿರಲಿಲ್ಲ. ನನ್ನ ಹೆಂಡತಿ ಚಪ್ಪಲಿ ಬಿಟ್ಟು ನೆಲದ ಮೇಲೆ ಬರಿಗಾಲಲ್ಲಿ ಒಂದು ಸುತ್ತು ಬಂದಳು. ತಂಪಿಗೆ ಅವಳ ಮುಖ ಅರಳಿದ್ದನ್ನು ಕಂಡ ಮಾರುವವರ ಬ್ರೋಕರ್, ಐದು ಲಕ್ಷ ಏರಿಸಬಹುದೆಂದು ಲೆಕ್ಕ ಹಾಕಿದ್ದು ನನಗೂ ಕಂಡಿತು. ಪತ್ರಗಳೋ, ನೋಡಲು ಪಕ್ಕಾ. ಪಿತ್ರಾರ್ಜಿತ ಆಸ್ತಿ, 2009ರ ವಿಭಾಗಪತ್ರ, ಮೂವರು ಅಣ್ಣತಮ್ಮಂದಿರ ಸಹಿ, ವಂಶವೃಕ್ಷದಲ್ಲಿಯೂ ಅದೇ ಮೂವರು.

ನಮ್ಮವರು ಕಾಗದ ಮಡಿಚಿಟ್ಟು ಎದ್ದರು. ಒಳಗೆ ಅಜ್ಜಿಯೊಬ್ಬರು ಹುರುಳಿಕಾಯಿ ನಾರು ತೆಗೆಯುತ್ತಿದ್ದರು. ಇವರು ಅಡುಗೆಮನೆಯ ಹೊಸ್ತಿಲ ಮೇಲೆ ಕೂತು, ಕಾಯಿಯ ಬೆಲೆ, ಮಂಡಿನೋವು, ಸೊಸೆಯಂದಿರು ಎಲ್ಲ ಮಾತಾಡಿ ಮೆಲ್ಲಗೆ, “ಎಷ್ಟು ಜನ ಮಕ್ಕಳಮ್ಮಾ ನಿಮಗೆ?” ಎಂದರು. ಅಜ್ಜಿ ಕಾಯಿ ಕೆಳಗಿಟ್ಟು ಬೆರಳು ಮಡಿಚುತ್ತ, “ದೊಡ್ಡವನು, ನಡುವಿನವನು, ಆಮೇಲೆ ನಮ್ಮ ಹುಡುಗಿ, ಕೊನೇಲಿ ಇವನು” ಎಂದರು. ಬೆರಳು ನಾಲ್ಕಾದವು. ಹಜಾರದಲ್ಲಿ ಯಾರೋ ಕೆಮ್ಮಿದರು.

“ಅವರು ಮದುವೆಯಾಗಿ ಹೋಗಿದಾರೆ ಸರ್, ಏನೂ ಬೇಡ ಅಂದಿದಾರೆ” ಎಂದು ಆ ಬ್ರೋಕರ್ ಓಡಿ ಬಂದರು. “ಬೇಡ ಅಂದದ್ದನ್ನ ಸಬ್‌ರಿಜಿಸ್ಟ್ರಾರ್ ಮುಂದೆ ರಿಲೀಸ್ ಡೀಡಿಗೆ ಸಹಿ ಹಾಕಿ ಹೇಳ್ಲಿ ಯಜಮಾನ್ರೇ” ಎಂದರು ನಮ್ಮವರು. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿಯಾದದ್ದು 2005ರಲ್ಲಿ. ಆ ಹಕ್ಕು ಹುಟ್ಟಿನಿಂದಲೇ ಬರುವಂಥದು, ತಂದೆ ಆಗ ಬದುಕಿದ್ದರೇ ಎಂದು ನೋಡಬೇಕಿಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿತು. ಇದು ವಕೀಲರಿಗೂ ಗೊತ್ತು. ಆದರೆ ವಕೀಲರ ಮುಂದೆ ಬರುವುದು ಕಾಗದ. ಕಾಗದದಲ್ಲಿ ಆ ಹುಡುಗಿ ಹುಟ್ಟಿಯೇ ಇರಲಿಲ್ಲ.

ರಿಲೀಸ್ ಡೀಡು ಬರಲಿಲ್ಲ. ಆ ಮಗಳು ಬೇಡ ಅಂದದ್ದು ಎಂದು, ಯಾರ ಹತ್ತಿರ ಎಂದು ನಮಗೆ ಕೊನೆಗೂ ತಿಳಿಯಲಿಲ್ಲ. ವ್ಯವಹಾರ ಬಿದ್ದುಹೋಯಿತು. ಅದರಲ್ಲಿ ನಮ್ಮವರಿಗೆ ಹುಟ್ಟಿದ್ದು ಸೊನ್ನೆ, ಸ್ಕೂಟರಿನ ಪೆಟ್ರೋಲೂ ಮೈಮೇಲೆ. ನನ್ನ ಹೆಂಡತಿ ಮಾತ್ರ ಬಹಳ ದಿನ ಅವರನ್ನು ‘ಮನೆಮುರುಕ’ ಎಂದೇ ಕರೆಯುತ್ತಿದ್ದಳು. ಈಗಲೂ ಬನಶಂಕರಿಯ ಕಡೆ ಹೋದಾಗ ಆ ರಸ್ತೆಯಲ್ಲೇ ಆಟೊ ತಿರುಗಿಸಲು ಹೇಳುತ್ತಾಳೆ, ದೂರವಾದರೂ.

ಕೊನೆಗೆ ಸಿಕ್ಕದ್ದು ಮೂರನೇ ಮಹಡಿಯ ಫ್ಲ್ಯಾಟು. ವಿಟ್ರಿಫೈಡ್ ಟೈಲ್ಸು, ಕುಂಡದಲ್ಲಿ ತುಳಸಿ. ಇ-ಖಾತಾ ಇತ್ತು, ಓ.ಸಿ. ಇತ್ತು, ಮಾಲೀಕರಿಗೆ ಇದ್ದದ್ದು ಒಬ್ಬನೇ ಮಗ. ಅದನ್ನೂ ನಮ್ಮವರು ಅಕ್ಕಪಕ್ಕದಲ್ಲಿ ವಿಚಾರಿಸಿಕೊಂಡಿದ್ದರು. ಚೌಕಾಸಿಗೆ ಹೋಗುವಾಗ ದಾರಿಯಲ್ಲಿ ನನಗೆ ಪಾಠ ಹೇಳಿದರು: “ಅವರು ರೇಟು ಹೇಳಿದ ಮೇಲೆ ನೀವು ಬಾಯೇ ಬಿಡಬೇಡಿ ಸರ್. ಕಾಫಿ ಕುಡೀತಾ ಕೂತ್ಕೊಳ್ಳಿ. ಸುಮ್ಮನಿರೋದನ್ನ ಮನುಷ್ಯ ತಡಕೊಳ್ಳಲ್ಲ, ತಾನೇ ಇಳೀತಾನೆ.” ಹಾಗೇ ಕೂತೆ. ಮಾಲೀಕರು ಮೂರು ಲಕ್ಷ ಇಳಿದರು. ಐವತ್ತು ಲಕ್ಷ ದಾಟಿದ ವ್ಯವಹಾರವಾದ್ದರಿಂದ ಒಂದು ಪರ್ಸೆಂಟ್ ಟಿಡಿಎಸ್ ಹಿಡಿದು ನಾನೇ ಕಟ್ಟಬೇಕೆಂದು ನೆನಪಿಸಿದವರೂ ಅವರೇ.

ನೋಂದಣಿಯಾದ ಸಂಜೆ ದರ್ಶಿನಿಯಲ್ಲಿ ತಮ್ಮ ಕಮಿಷನ್ ಎಷ್ಟಾಯಿತೆಂದು ಹೇಳಿದರು. ನಾನು ಮಾತಾಡಲಿಲ್ಲ. ಕಾಫಿ ಗುಟುಕರಿಸುತ್ತ ರಸ್ತೆ ನೋಡುತ್ತ ನಿಂತೆ. ಒಂದು ನಿಮಿಷ ಅವರೂ ಸುಮ್ಮನಿದ್ದರು. ಆಮೇಲೆ ಮೇಜು ಕುಟ್ಟಿ ನಗತೊಡಗಿದರು. “ಬೇರೆ ಏನಾದ್ರೂ ಟ್ರೈ ಮಾಡಿ ಸರ್” ಎಂದು ಇನ್ನೊಂದು ಬೈಟು ಹೇಳಿದರು. ಅದರ ದುಡ್ಡನ್ನೂ ನಾನೇ ಕೊಟ್ಟೆ.