ಎತ್ತಿನ ಬೆಲೆಯೂ ಕಾರಿನ ಬೆಲೆಯೂ

ಚೌಕಾಶಿಯು ನನಗೆ ಒಲಿಯದ ವಿದ್ಯೆ. ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವನಾದರೂ ಅಂಗಡಿಯ ಮುಂದೆ ನಿಂತು “ಸ್ವಲ್ಪ ಕಡಮೆ ಮಾಡಿ” ಎನ್ನುವಾಗ ನನ್ನ ನಾಲಿಗೆ ತೊದಲುವುದುಂಟು. ಮನೆಯ ಬಾಗಿಲಿಗೆ ಬರುವ ಸೊಪ್ಪಿನವಳೊಡನೆ ಮಾತ್ರ ನನಗೆ ಎಲ್ಲಿಲ್ಲದ ಧೈರ್ಯ ಬರುತ್ತದೆಯೆಂಬುದು ನನ್ನ ಮನೆಯಾಕೆ ಹೊರಿಸುವ ಆಪಾದನೆಗಳಲ್ಲೊಂದು. ಅದು ನಿಜವೂ ಹೌದು. ಇಂತಹವನು ಅರುವತ್ತೊಂಬತ್ತನೆಯ ವಯಸ್ಸಿನಲ್ಲಿ ಹೊಸ ಕಾರನ್ನು ಕೊಳ್ಳಲು ಹೊರಟನೆಂದರೆ ವಾಚಕರು ನಗಬಹುದು.

ಹೊರಡಲು ಕಾರಣವಿತ್ತು. 2025ರ ಜೂನ್ ತಿಂಗಳ ಒಂದು ರಾತ್ರಿ ಆಕೆಗೆ ಎದೆನೋವು ಕಾಣಿಸಿಕೊಂಡಿತು. ಬಾಡಿಗೆಯ ಕಾರು ಮಧುಗಿರಿಯಿಂದ ಮಿಡಿಗೇಶಿಗೆ ಬಂದು ಸೇರುವ ವೇಳೆಗೆ ಒಂದೂವರೆ ಗಂಟೆ ಕಳೆದಿತ್ತು. ಆ ಒಂದೂವರೆ ಗಂಟೆಯನ್ನು ಕುರಿತು ಬರೆಯುವ ಶಕ್ತಿ ನನಗಿಲ್ಲ. ದೈವಕೃಪೆಯಿಂದ ಆಪತ್ತು ಕಳೆಯಿತು. ಆದರೆ ಬೆಂಗಳೂರಿನಲ್ಲಿರುವ ಮಗಳು, “ಅಪ್ಪಾ, ಮನೆಯಲ್ಲಿ ಒಂದು ಗಾಡಿ ಇರಲೇಬೇಕು” ಎಂದು ಹಟಹಿಡಿದಳು. ಓಡಿಸಲು ತಮ್ಮನ ಮಗನಿದ್ದನು. ಕೊಳ್ಳಲು ಇದ್ದುದು ನಿವೃತ್ತಿಯ ಕಾಲದಲ್ಲಿ ಬಂದ ಹಣದಲ್ಲಿ ಮಿಕ್ಕ ಭಾಗ. ಔಷಧಕ್ಕೂ ಅದೇ, ಕಾರಿಗೂ ಅದೇ.

ಕಾರಿನ ಮಾತಿಗೆ ಮೊದಲು ಎತ್ತಿನ ಮಾತೊಂದನ್ನು ಹೇಳಬೇಕಾಗಿದೆ. ಬೆಲೆಯೆಂದೊಡನೆ ನನಗೆ ನೆನಪಾಗುವುದು ಅದೇ.

1966ರ ಶಿವರಾತ್ರಿಯ ಹೊತ್ತಿಗೆ ನಮ್ಮ ತಂದೆಯವರು ಸಿದ್ಧಗಂಗೆಯ ದನಗಳ ಜಾತ್ರೆಗೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ನನಗಾಗ ಹತ್ತು ವರ್ಷ. ಹಿಂದಿನ ವರ್ಷ ಮಳೆ ಕೈಕೊಟ್ಟು ಕೆರೆಕಟ್ಟೆಗಳು ಬತ್ತಿದ್ದುವು. ಜಾತ್ರೆಯಲ್ಲಿ ಕೊಳ್ಳುವವರಿಗಿಂತ ಮಾರುವವರೇ ಹೆಚ್ಚಾಗಿದ್ದರು. ಪಾವಗಡದ ಕಡೆಯ ರೈತನೊಬ್ಬನ ಹಳ್ಳಿಕಾರ್ ಜೋಡಿಯ ಮುಂದೆ ತಂದೆಯವರು ನಿಂತರು. ಬಾಯಿ ಬಿಡಿಸಿ ಹಲ್ಲು ಎಣಿಸಿದರು: ನಾಲ್ಕು ಹಲ್ಲು. ಸುಳಿ ನೋಡಿದರು, ಗೊರಸು ತಟ್ಟಿದರು, ಎರಡು ಸಲ ನಡೆಸಿ ನೋಡಿದರು. ಆಮೇಲೆ ದಲ್ಲಾಳಿಯು ತನ್ನ ವಲ್ಲಿಯನ್ನು ಅವರ ಕೈಮೇಲೆ ಹೊದಿಸಿ, ಅದರ ಮರೆಯಲ್ಲಿ ಬೆರಳು ಹಿಡಿದು ವ್ಯವಹಾರಕ್ಕೆ ತೊಡಗಿದನು. ಈ ಬಗೆಯ ವ್ಯಾಪಾರವನ್ನು ಕಂಡ ವಾಚಕರು ಅನೇಕರಿರಬಹುದು. ಬೆರಳು ನೂರೋ ಹತ್ತೋ ಎಂಬುದು ಇಬ್ಬರಿಗೂ ತಿಳಿದಿರುತ್ತದೆ. ಸುತ್ತ ನಿಂತವರಿಗೆ ಕಾಣುವುದು ಮುಖಗಳು ಮಾತ್ರ. ದಲ್ಲಾಳಿಯು ಇತ್ತಕಡೆ ಒಮ್ಮೆ, ರೈತನ ಕಡೆ ಒಮ್ಮೆ ವಲ್ಲಿಯನ್ನು ಹಿಡಿದು ಓಡಾಡಿ, ಕೊನೆಗೆ ಇನ್ನೂರ ಎಂಬತ್ತಕ್ಕೆ ಕುದುರಿಸಿದನು. ಸಂಚಕಾರ ಕೊಟ್ಟದ್ದಾಯಿತು, ಹಣ ಎಣಿಸಿದ್ದಾಯಿತು. ರೈತನು ಹಗ್ಗವನ್ನು ತಂದೆಯವರ ಕೈಗಿಟ್ಟು, ಒಂದು ಎತ್ತಿನ ಕೊರಳಿಗೆ ಮುಖವಿಟ್ಟು ನಿಂತು, ಹಿಂದಿರುಗಿ ನೋಡದೆ ಹೊರಟುಹೋದನು.

ದಾರಿಯುದ್ದಕ್ಕೂ ತಂದೆಯವರು ಮಾತನಾಡಲಿಲ್ಲ. ಕೊರಟಗೆರೆ ದಾಟಿದ ಮೇಲೆ, “ಒಳ್ಳೆಯ ಕಾಲವಾಗಿದ್ದರೆ ಈ ಜೋಡಿ ನಾನೂರೈವತ್ತಕ್ಕೆ ಕಡಮೆ ಸಿಕ್ಕುತ್ತಿರಲಿಲ್ಲ ಕಣೋ. ನಾನು ಕೊಟ್ಟದ್ದು ಎತ್ತಿನ ಬೆಲೆಯಲ್ಲ, ಅವನ ಮನೆಯಲ್ಲಿ ಹುಲ್ಲಿಲ್ಲ, ಅದರ ಬೆಲೆ” ಎಂದರು. ಮುಂದೆ ಒಳ್ಳೆಯ ಸುಗ್ಗಿಯೊಂದು ಬಂದಾಗ ಅದೇ ಎತ್ತುಗಳನ್ನು ಕಟ್ಟಿ, ಎರಡು ಪಲ್ಲ ರಾಗಿಯನ್ನು ಹೇರಿಕೊಂಡು ಪಾವಗಡದ ಕಡೆಗೆ ಹೋಗಿ ಬಂದರು. ನಮ್ಮ ತಾಯಿಯವರು ಒಂದು ತಿಂಗಳು ಗೊಣಗಿದರು.

ಇನ್ನು ಕಾರು. ಆಗಸ್ಟ್ ತಿಂಗಳಲ್ಲಿ ತುಮಕೂರಿನ ಒಂದು ಮಳಿಗೆಯಲ್ಲಿ ವಿಚಾರಿಸಿದಾಗ ನಾನು ಒಪ್ಪಿದ ಸಣ್ಣ ಕಾರಿನ ಬೆಲೆ ಏಳು ಲಕ್ಷಕ್ಕೆ ಹತ್ತಿರವಿತ್ತು. ತೆರಿಗೆ ಇಳಿಯುವುದಂತೆ, ಕಾಯಿರಿ ಎಂದು ಮಗಳು ತಡೆದಳು. ಅವಳ ಮಾತು ಸುಳ್ಳಾಗಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಮೇಲಿನ ಜಿ.ಎಸ್.ಟಿ. ನೂರಕ್ಕೆ 28ರಿಂದ 18ಕ್ಕೆ ಇಳಿದು, ಮೇಲಿನ 1ರ ಸೆಸ್ಸೂ ಹೋಯಿತು. ಬೆಲೆ 6,40,000ಕ್ಕೆ ಬಂದಿತು. ನಾನು ಬಾಯಿ ತೆರೆಯದೆಯೇ ಅರುವತ್ತು ಸಾವಿರ ಉಳಿಯಿತು. ನನ್ನಂತಹವನಿಗೆ ಹೇಳಿಸಿದ ಚೌಕಾಶಿ!

ಆದರೆ ನವೆಂಬರ್ ಕೊನೆಯಲ್ಲಿ ಹಣ ಕಟ್ಟಲು ಹೋದಾಗ ಕೈಗೆ ಬಂದ ಚೀಟಿಯಲ್ಲಿದ್ದ ಒಟ್ಟು 8,17,000! ಮಳಿಗೆಯ ಯುವಕನು ಆ ಮೊತ್ತದ ಮಾತೆತ್ತದೆ, “ತಿಂಗಳಿಗೆ ಎಷ್ಟು ಕಂತು ಕಟ್ಟಬಲ್ಲಿರಿ ಸಾರ್?” ಎಂದು ಕೇಳಿದನು. ಸಾಲ ಬೇಡವೆಂದು ಹೇಳಿ, ಕನ್ನಡಕ ಹಾಕಿಕೊಂಡು, ಉತ್ತರಪತ್ರಿಕೆ ತಿದ್ದುವವನಂತೆ ಚೀಟಿಯನ್ನು ಓದಿದೆನು. ನಮ್ಮ ರಾಜ್ಯದ ಆಜೀವ ತೆರಿಗೆ, ಐದರಿಂದ ಹತ್ತು ಲಕ್ಷದೊಳಗಿನ ಕಾರಿಗೆ ನೂರಕ್ಕೆ 14, ತೆರಿಗೆಯ ಮೇಲೆ ಮತ್ತೆ ಸೆಸ್ಸು: ಒಂದು ಲಕ್ಷಕ್ಕೆ ಐನೂರು ಕಡಮೆ. ಅದು ಸರಕಾರದ್ದು, ವಾದವಿಲ್ಲ. ವಿಮೆ 38,000. ಹಾಸು, ಹೊದಿಕೆ, ಕೆಸರುತಡೆ ಮುಂತಾದ “ಅಗತ್ಯ ಸಾಮಗ್ರಿ” 16,500. ಹೆಚ್ಚುವರಿ ವಾರಂಟಿ 14,000. “ನಿರ್ವಹಣ ಶುಲ್ಕ” 7,500. ಏನನ್ನು ನಿರ್ವಹಿಸಿದ್ದಕ್ಕೆಂದು ಕೇಳಿದರೆ ಯಾರಿಗೂ ಗೊತ್ತಿರಲಿಲ್ಲ. ಉಳಿದವು ನೋಂದಣಿ ಮುಂತಾದ ಚಿಲ್ಲರೆ.

ಆಗ ನನಗೆ ಸಿದ್ಧಗಂಗೆಯ ವಲ್ಲಿ ನೆನಪಾಯಿತು. ಅಲ್ಲಿ ಬೆಲೆಯು ಜಾತ್ರೆಯ ಕಣ್ಣಿಗೆ ಮರೆಯಾಗಿದ್ದರೂ ಕೊಳ್ಳುವವನ ಬೆರಳಿಗೆ ಸ್ಪಷ್ಟವಾಗಿತ್ತು. ಇಲ್ಲಿ ಗಾಜಿನ ಮನೆಯೊಳಗೆ, ವಿದ್ಯುದ್ದೀಪಗಳ ಕೆಳಗೆ, ಅಚ್ಚುಮಾಡಿ ಕೈಗಿತ್ತ ಬೆಲೆಯು ಕೊಳ್ಳುವವನಿಗೇ ಮರೆಯಾಗಿತ್ತು. ಹಾಗಾಗಿ ಬೆಲೆ ಇಳಿಸಿರೆಂದು ಕೇಳುವುದರ ಬದಲು ಒಂದೊಂದು ಸಾಲೂ ಏನೆಂದು ಕೇಳತೊಡಗಿದೆನು. ಮೇಷ್ಟರಿಗೆ ಸಹಜವಾದ ಕೆಲಸ, ನಾಲಿಗೆ ತೊದಲಲಿಲ್ಲ.

ವಿಮೆಯನ್ನು ಮಳಿಗೆಯಲ್ಲಿಯೇ ಕೊಳ್ಳಬೇಕೆಂಬ ಕಟ್ಟಳೆಯಿಲ್ಲ. 2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ ಮೂರು ವರ್ಷದ ಮೂರನೆಯವರ ವಿಮೆ ಕಡ್ಡಾಯವಾಗಿರುವುದು ನಿಜವಾದರೂ ಅದನ್ನು ಯಾವ ಕಂಪೆನಿಯಿಂದಲಾದರೂ ಪಡೆಯಬಹುದು. ಮಗಳು ಹೊರಗಿನಿಂದ ತರಿಸಿದ್ದ 27,500ರ ಪತ್ರವನ್ನು ಮುಂದಿಟ್ಟೆನು. ಅಷ್ಟಕ್ಕೇ ಕೊಡುವುದಾಗಿ ಒಪ್ಪಿದರು. ಸಾಮಗ್ರಿಯಲ್ಲಿ ಎರಡು ಸಾವಿರದ ಹಾಸು ಸಾಕೆಂದೆನು. ಹೆಸರಿಲ್ಲದ ಕೆಲಸದ ಶುಲ್ಕವನ್ನು ಕೊಡಲಾರೆನೆಂದೆನು. ವ್ಯವಸ್ಥಾಪಕರು ಒಳಗೆ ಹೋಗಿ ಬಂದು ಅದನ್ನು ಹೊಡೆದುಹಾಕಿದರು. ತಿಂಗಳ ಕೊನೆ, ಅವರಿಗೂ ಮಾರಾಟದ ಸಂಖ್ಯೆ ತುಂಬಬೇಕು. ಕೇಳದಿದ್ದರೂ ಹತ್ತು ಸಾವಿರದ ರಿಯಾಯಿತಿ ಬಂದಿತು. ಒಟ್ಟು 42,500 ಇಳಿದು 7,74,500ಕ್ಕೆ ನಿಂತಿತು.

ಒಂದು ಕಾರಿಗೆ ನ್ಯಾಯವಾದ ಬೆಲೆ ಯಾವುದೆಂಬ ಪ್ರಶ್ನೆ ಹಿಂದೆ ಸುಪ್ರೀಂ ಕೋರ್ಟಿನವರೆಗೂ ಹೋಗಿದ್ದುದುಂಟು. 1969ರಲ್ಲಿ ಸರಕಾರವು ಕಾರುಗಳ ಬೆಲೆಯನ್ನು ನಿಗದಿಮಾಡಿದಾಗ ತಯಾರಕರು ಒಪ್ಪದೆ ನ್ಯಾಯಾಲಯವನ್ನು ಸೇರಿದರು. ಅಂಬಾಸಡರ್, ಫಿಯೆಟ್, ಸ್ಟ್ಯಾಂಡರ್ಡ್ ಹೆರಾಲ್ಡ್ ಗಾಡಿಗಳ ಖರ್ಚು, ಲಾಭಗಳ ಲೆಕ್ಕವನ್ನು 1971ರಲ್ಲಿ ನ್ಯಾಯಮೂರ್ತಿಗಳು ಕುಳಿತು ಬಿಡಿಸಬೇಕಾಯಿತು. ಅವರಿಗೇ ಅಷ್ಟು ಕಷ್ಟವಾದದ್ದು ನನಗೆ ಸುಲಭವಾಗಿರಬೇಕೆಂದು ಯಾರೂ ಅಪೇಕ್ಷಿಸಲಾರರು.

ಹಣ ಕಟ್ಟುವ ಮುನ್ನ ಹಲ್ಲು ನೋಡಬೇಕಲ್ಲವೆ? ಕಾರನ್ನು ತೋರಿಸೆಂದು ಯುವಕನೊಡನೆ ಹಿಂದಿನ ಅಂಗಳಕ್ಕೆ ಹೋಗಿ, ಮೊಣಕಾಲೂರಿ ಟೈರಿನ ಪಕ್ಕದ ಅಂಕಿಗಳನ್ನು ಓದಿದೆನು. ಕೊನೆಯ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಉಳಿದೆರಡು ವರ್ಷ. 3825 ಎಂದಿತ್ತು, ಸೆಪ್ಟೆಂಬರಿನ ಟೈರು. ಚಾಸಿಯ ಸಂಖ್ಯೆ, ತಯಾರಾದ ತಿಂಗಳು, ಓಡಿದ ಕಿಲೋಮೀಟರು ಎಲ್ಲವನ್ನೂ ಬರೆದುಕೊಂಡೆನು. “ಇದನ್ನೆಲ್ಲ ಯಾರು ಹೇಳಿಕೊಟ್ಟರು ಸಾರ್?” ಎಂದು ಅವನು ನಕ್ಕನು. ನಮ್ಮ ತಂದೆಯವರು ಎಂದೆನು. ಅರ್ಧ ಸತ್ಯ.

ಅಲ್ಲಿ, ಯಾರೂ ಇಲ್ಲದಾಗ, ಅವನು ತನ್ನ ವಿಷಯವನ್ನು ಹೇಳಿದನು. ಊರು ಕೊರಟಗೆರೆಯ ಹತ್ತಿರ. ಸಂಬಳ ಅಲ್ಪ. ಕಾರಿನ ಮೇಲೆ ಮಳಿಗೆಗೆ ಉಳಿಯುವುದು ಕಡಮೆ. ವಿಮೆ, ಸಾಲ, ಸಾಮಗ್ರಿ, ವಾರಂಟಿಗಳಿಂದಲೇ ನಡೆಯಬೇಕು. ಅವನ ಪ್ರೋತ್ಸಾಹಧನವೂ ಅವುಗಳಿಂದಲೇ. “ನಿಮ್ಮ ಗಾಡಿಯಿಂದ ನನಗೆ ವಾರಂಟಿಯೊಂದೇ ಉಳಿದದ್ದು ಸಾರ್” ಎಂದನು. ಆ ವಾರಂಟಿಯನ್ನೂ ಹೊಡೆದುಹಾಕಿಸುವ ಆಲೋಚನೆ ನನ್ನ ಜೇಬಿನಲ್ಲಿ ಸಿದ್ಧವಾಗಿತ್ತು. ಅವನು ಹೇಳಿದ್ದು ನಿಜವೋ, ಎಲ್ಲ ಗಿರಾಕಿಗಳಿಗೂ ಹೇಳುವ ಪಾಠವೋ ತಿಳಿಯದು. ಮಳಿಗೆಯ ಒಡೆಯರಿಗೆ ಹುಲ್ಲಿನ ಅಭಾವವಿರಲಿಲ್ಲ. ಈ ಹುಡುಗನಿಗೆ ಇದ್ದಿತೋ ಏನೋ. ವಾರಂಟಿಯನ್ನು ಹಾಗೆಯೇ ಬಿಟ್ಟೆನು. ಹೊರಗೆ ಬಂದ ಮೇಲೆ ಮನೆಯಾಕೆ, “ಹದಿನಾಲ್ಕು ಸಾವಿರ ಬಿಟ್ಟಿರಾ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಕಾರಿನ ಹಿಂದಿನ ಸೀಟಿನಲ್ಲಿ ಹೇಗೆ ಮಲಗಬಹುದೆಂದು ಪರೀಕ್ಷಿಸತೊಡಗಿದಳು.

ಕೆ.ಎ. 64 ಎಂಬ ಫಲಕವನ್ನು ಹೊತ್ತು ಕಾರು ಈಗ ದುರ್ಗದ ಬೆಟ್ಟ ಕಾಣುವಂತೆ ನಮ್ಮ ಹುಣಿಸೆಮರದ ಕೆಳಗೆ ನಿಂತಿರುತ್ತದೆ. ಬಂದ ದಿನ ಸಂಜೆ, ಹಿಂದೆ ದನಗಳ ದಲ್ಲಾಳಿಯಾಗಿದ್ದ ನೆರೆಯ ಮುದುಕರು ಕೋಲೂರಿಕೊಂಡು ಬಂದು ಅದನ್ನು ಒಂದು ಸುತ್ತು ಬಳಸಿ ನೋಡಿದರು. ಸುತ್ತ ಹತ್ತು ಜನ ಹುಡುಗರು ನಿಂತಿದ್ದರು. ಮುದುಕರು ಹೆಗಲ ವಲ್ಲಿಯನ್ನು ತೆಗೆದು ತಮ್ಮ ಕೈಮೇಲೆ ಹೊದಿಸಿಕೊಂಡು, “ಎಷ್ಟಕ್ಕೆ ಕುದುರಿತು ಮೇಷ್ಟ್ರೇ?” ಎಂದು ನನ್ನ ಕಡೆಗೆ ಚಾಚಿದರು. ನಾನು ಕೈಯನ್ನು ಒಳಗಿಟ್ಟು ಮೊದಲು ಅಂಗೈ ತುಂಬ ಐದು ಬೆರಳನ್ನೂ, ಆಮೇಲೆ ಎರಡನ್ನೂ ಹಿಡಿದೆನು. ಮುಂದಿನ ಎಪ್ಪತ್ತನಾಲ್ಕೂವರೆ ಸಾವಿರವನ್ನು ಹೇಗೆ ಹಿಡಿಯಬೇಕೆಂಬುದು ತಿಳಿಯದೆ ತಡವರಿಸುತ್ತಿದ್ದಾಗ ಅವರು, “ಸಾಕು, ತಿಳೀತು” ಎಂದು ವಲ್ಲಿಯನ್ನು ಕೊಡವಿ ಹೆಗಲಿಗೆ ಹಾಕಿಕೊಂಡರು.